ಎರಡು ಚುಕ್ಕಿಯ ಆಕ್ಸಲ್

ಭಾನುವಾರ ಬೆಳಿಗ್ಗೆ ಆ ಲೇತ್ ಶೆಡ್ಡಿನಲ್ಲಿ ಕೆಲಸ ನಡೆಯುವುದಿಲ್ಲ, ಮಾತು ನಡೆಯುತ್ತದೆ. ಹಳೆ ಮೋಟಾರ್‌ಸೈಕಲ್ ಹುಚ್ಚಿನವರ ಮಾತು ಎಂದಮೇಲೆ ಕೇಳಬೇಕೆ! ಹೆಂಡತಿ ಹುಟ್ಟಿದ ದಿನ ನೆನಪಿರದಿದ್ದರೂ ಮೂವತ್ತು ವರ್ಷದ ಹಿಂದೆ ಮಾರಿದ ಗಾಡಿಯ ಎಂಜಿನ್ ನಂಬರನ್ನು ನಿದ್ದೆಗಣ್ಣಿನಲ್ಲೂ ಹೇಳುವ ಜನ ಅವರು. ಬರುವವರು ಮೂವರು. ನಿವೃತ್ತಿಯಾದ ಪೋಸ್ಟ್‌ಮ್ಯಾನ್, ಸೀಟು ಹೊಲಿಯುವ ದರ್ಜಿ ಮತ್ತು ಹಲ್ಲಿನ ಡಾಕ್ಟರು. ಮೂವರಿಗೂ ಸ್ಟೂಲು ಹಾಕಿ ಕೂರಿಸಿ ಟೀ ತರಿಸುವವನು ಶೆಡ್ಡಿನ ಯಜಮಾನ. ಅವನ ತಮ್ಮನ ಮಗಳು ಅವನನ್ನು ದೊಡ್ಡಪ್ಪ ಎನ್ನುತ್ತಾಳೆಂದು ಅವನಿಗಿಂತ ಆರು ವರ್ಷ ದೊಡ್ಡವನಾದ ಪೋಸ್ಟ್‌ಮ್ಯಾನ್ ಕೂಡ ದೊಡ್ಡಪ್ಪ ಎಂದೇ ಕರೆಯುತ್ತಾನೆ. ಅದು ಅವರ ತಮಾಷೆ.

ದೊಡ್ಡಪ್ಪನ ಕೈಯೆಂದರೆ ಕೈ. ಕೂದಲಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹೇಳಬಲ್ಲ. ಆದರೆ ಆ ಕೈ ಒಂದು ಸಲ ತಪ್ಪಿತ್ತು. ಅದು ಅವನೊಬ್ಬನಿಗೇ ಗೊತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ತಮ್ಮ ತನ್ನ ಗಾಡಿಯ ಮುಂದಿನ ಚಕ್ರಕ್ಕೆ ಬೇರೊಂದು ಗಾಡಿಯ ದೊಡ್ಡ ಬ್ರೇಕ್ ಡ್ರಮ್ ಕೂರಿಸಬೇಕೆಂದು ಹಟ ಹಿಡಿದಿದ್ದ. ಚಕ್ರದ ನಡುವೆ ತೂರುವ ಹಳೆ ಆಕ್ಸಲ್ ಹೊಸ ಡ್ರಮ್ಮಿಗೆ ಹೊಂದಲಿಲ್ಲ. ದೊಡ್ಡಪ್ಪ ತಾನೇ ಲೇತಿನಲ್ಲಿ ಹೊಸದನ್ನು ತಿರುವಿದ. ಮುಕ್ಕಾಲು ಭಾಗ ದಪ್ಪ, ಒಂದು ತುದಿಯಲ್ಲಿ ಮಾತ್ರ ಸಣ್ಣ. ದಪ್ಪ ಮುಗಿದು ಸಣ್ಣದು ಶುರುವಾಗುವ ಮೂಲೆಯನ್ನು ಸ್ವಲ್ಪ ಗುಂಡಗೆ ಬಿಡಬೇಕು, ಚೂಪು ಬಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಲೇತಿನ ಮುಂದೆ ನಿಂತ ಮೊದಲ ವಾರದಲ್ಲೇ ಕಲಿಯುವ ಪಾಠ ಅದು. ಅವನು ಚೂಪು ಬಿಟ್ಟ. ಮರೆತಲ್ಲ, ಚೆಂದಕ್ಕೆ. ಚೂಪು ಮೂಲೆ ನೋಡಲು ಎಷ್ಟು ಸ್ವಚ್ಛವಾಗಿ ಕಾಣುತ್ತದೆಂದರೆ ತಮ್ಮನೇ ಅದನ್ನು ಬೆಳಕಿಗೆ ಹಿಡಿದು, "ಅಣ್ಣಾ, ಇದನ್ನ ಗಾಡಿಗೆ ಹಾಕೋಕೇ ಮನಸ್ಸು ಬರಲ್ಲ" ಎಂದಿದ್ದ.

ಹಾಕಿದ. ಹತ್ತೊಂಬತ್ತನೇ ದಿನ ಹೆಂಚಿನ ಕಾರ್ಖಾನೆಯ ತಿರುವಿನಲ್ಲಿ ಬಿದ್ದು ಪ್ರಾಣ ಬಿಟ್ಟ.

ತನಿಖೆಗೆ ಬಂದ ಅಧಿಕಾರಿ ಆಕ್ಸಲಿನ ತುಂಡು ತೋರಿಸಿ, "ಇದು ಮುರಿದು ಬಿದ್ದದ್ದೋ, ಬಿದ್ದು ಮುರಿದದ್ದೋ? ನೀವೇ ಹೇಳಬೇಕು, ಕಸುಬಿನವರು" ಎಂದು ಕೇಳಿದ. ಮುರಿದ ಜಾಗ ಆ ಮೂಲೆಯೇ. ದೊಡ್ಡಪ್ಪ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಬಿದ್ದು ಮುರಿದದ್ದು. ಜೋರಾಗಿ ಹೋಗ್ತಿದ್ದ ಅಂತ ಕಾಣತ್ತೆ" ಎಂದ. ಅಷ್ಟೇ ಮಾತು. ಇನ್ನು ಜೋರಾಗಿ ಓಡಿಸುವುದಿಲ್ಲ ಎಂದು ಅದೇ ತಿಂಗಳು ಮಗುವಿನ ತಲೆ ಮುಟ್ಟಿ ಮಾತು ಕೊಟ್ಟಿದ್ದ ಗಂಡ ಮಾತು ತಪ್ಪಿದ ಎಂದು ತಮ್ಮನ ಹೆಂಡತಿ ನಂಬಿದಳು. ಅಂದಿನಿಂದ ಇಂದಿನವರೆಗೆ ಅವಳು ಗಂಡನ ಹೆಸರೆತ್ತಿದ್ದಿಲ್ಲ. ಆ ಮಗುವನ್ನು ಎತ್ತಿ ಆಡಿಸಿದವನು, ಶಾಲೆಗೆ ಸೇರಿಸಿದವನು, ಸ್ಪ್ಯಾನರ್ ಹಿಡಿಯಲು ಕಲಿಸಿದವನು ದೊಡ್ಡಪ್ಪ. ಅವಳೊಬ್ಬಳಿದ್ದರೆ ಅವನಿಗೆ ಲೋಕವೇ ಬೇಡ. ನಿಜ ತಿಳಿದ ದಿನ ಅವಳು ತನ್ನ ಮುಖ ನೋಡುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಇನ್ನೊಂದು ಸಂಗತಿಯೂ ಇತ್ತು. ಲೇತಿಗೆ ಅಳತೆ ಕಟ್ಟುವುದರಲ್ಲೇ ಅರ್ಧ ದಿನ ಹೋಗುವುದರಿಂದ ಅವನು ಯಾವ ಸಾಮಾನನ್ನೂ ಒಂದೇ ಮಾಡುವವನಲ್ಲ, ಜೋಡಿ ಮಾಡುತ್ತಿದ್ದ. ಮೊದಲನೆಯದರ ತಲೆಯ ಮೇಲೆ ಒಂದು ಚುಕ್ಕಿ ಹೊಡೆಯುತ್ತಿದ್ದ, ಎರಡನೆಯದಕ್ಕೆ ಎರಡು. ತಮ್ಮನ ಮುರಿದ ಗಾಡಿಯನ್ನು ಗುಜರಿಗೆ ಹಾಕುವಾಗ ಎರಡು ಚುಕ್ಕಿಯದ್ದೂ ಅದೇ ಪೆಟ್ಟಿಗೆಯಲ್ಲಿ ಹೋಗಿಬಿಟ್ಟಿತ್ತು. ಮೂರು ದಿನದ ಮೇಲೆ ನೆನಪಾಗಿ ಓಡಿದರೆ ಗುಜರಿಯವನು ಕೈ ಆಡಿಸಿದ. ಎಲ್ಲೋ ಕರಗಿ ಕಂಬಿಯಾಗಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವೇನೂ ಆಗಲಿಲ್ಲ.

ಈ ಭಾನುವಾರ ಮಾತು ಶುರುಮಾಡಿದವನು ಪೋಸ್ಟ್‌ಮ್ಯಾನ್.

"ನಂದೊಂದು ಗಾಡಿ ಇತ್ತಲ್ಲ, ಹಸಿರು ಟ್ಯಾಂಕಿಂದು? ಟ್ಯಾಂಕ್ ಸೆಕೆಂಡ್ ಹ್ಯಾಂಡ್, ಮಿಕ್ಕಿದ್ದೆಲ್ಲ ಹೊಸದು. ಬಲಗಡೆ ಮೊಣಕಾಲು ತಾಗೋ ಜಾಗದಲ್ಲಿ ಹೆಬ್ಬೆರಳಷ್ಟು ನೆಗ್ಗು. ಎಷ್ಟು ಸಲ ತಟ್ಟಿ ಸರಿ ಮಾಡಿಸಿದ್ರೂ ವಾರಕ್ಕೆ ಮತ್ತೆ ನೆಗ್ಗು. ಅದು ಹಾಳಾಗಿ ಹೋಗ್ಲಿ. ಹೆಂಚಿನ ಕಾರ್ಖಾನೆ ತಿರುವಿಗೆ ಬಂದ್ರೆ ಸಾಕು, ಗಕ್ ಅಂತ ನಿಲ್ಲೋದು. ಪೆಟ್ರೋಲ್ ತುಂಬಿ ತುಳುಕ್ತಾ ಇರ್ತಿತ್ತು. ಇಳಿದು ತಳ್ಳಿ ತಿರುವು ದಾಟಿಸಿದ್ರೆ ಒಂದೇ ಕಿಕ್ಕಿಗೆ ಸ್ಟಾರ್ಟು."

"ತಿರುವೇ ಸರಿಯಿಲ್ಲ ಬಿಡಿ" ಎಂದ ದರ್ಜಿ. "ನಾನು ಹೆಡ್‌ಲೈಟ್ ಹಾಕಿಸಿದ್ದೆ ನೋಡಿ, ಹಳೇ ಕಾಲದ್ದು, ದೊಡ್ಡದು. ಹಗಲು ಹನ್ನೆರಡು ಗಂಟೆಗೆ ಅಲ್ಲಿ ಹೋದ್ರೂ ತನ್ನಷ್ಟಕ್ಕೇ ಹತ್ತಿಕೊಳ್ಳೋದು. ಸ್ವಿಚ್ಚು ಬಂದ್. ವೈರು ಕಿತ್ತು ಹಾಕಿದೆ. ಆಮೇಲೂ ಹತ್ತಿತು."

"ವೈರ್ ಇಲ್ಲದೆ?" ಡಾಕ್ಟರು ನಕ್ಕರು.

"ನನ್ನ ಸೂಜಿ ಆಣೆ. ಮಾರನೇ ದಿನವೇ ಬಿಚ್ಚಿ ಮಾರಿದೆ."

ಡಾಕ್ಟರು ನಗು ನಿಲ್ಲಿಸಿದರು. ತಮ್ಮ ಕಥೆಯನ್ನು ಅವರು ಯಾವತ್ತೂ ಹೇಳಿರಲಿಲ್ಲವಂತೆ, ನಗುತ್ತೀರೆಂದು. ಅವರ ಹ್ಯಾಂಡಲ್ ಹಳೆಯದು, ಅಗಲವಾದದ್ದು. ಆ ತಿರುವಿನಲ್ಲಿ ಅದು ಎಡಕ್ಕೆ ಎಳೆಯುತ್ತಿತ್ತು. ಕೆಟ್ಟ ಗಾಡಿ ಎಳೆದಂತಲ್ಲ, ಮೆತ್ತಗೆ. ಕಲಿಯುವವರ ಕೈ ಮೇಲೆ ಕೈಯಿಟ್ಟು ದಾರಿ ಹೇಳಿಕೊಟ್ಟ ಹಾಗೆ.

"ಒಂದ್ಸಲ ನೋಡೇಬಿಡೋಣ ಅಂತ ಎಳೆದ ಕಡೆಗೇ ಬಿಟ್ಟೆ. ರಸ್ತೆ ಬದಿಗೆ ಹೋಗಿ ಒಂದು ಹುಣಸೆ ಮರದ ಬುಡದಲ್ಲಿ ನಿಂತ್ಕೊಳ್ತು. ಅಷ್ಟೇ. ಏನೂ ಆಗ್ಲಿಲ್ಲ. ಆದ್ರೆ ಅಳು ಬಂತು ನೋಡಿ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

ದೊಡ್ಡಪ್ಪ ಟೀ ಲೋಟವನ್ನು ಬೆಂಚಿನ ಮೇಲಿಟ್ಟ. ತಮ್ಮ ಸಿಕ್ಕಿದ್ದು ಆ ಮರದ ಬುಡದಲ್ಲಿ. ಆ ಟ್ಯಾಂಕು, ಆ ದೀಪ ತಮ್ಮನ ಗಾಡಿಯವು, ಆ ನೆಗ್ಗು ತಮ್ಮನ ಮೊಣಕಾಲಿನದು. ಆ ಹ್ಯಾಂಡಲನ್ನು ಬಗ್ಗಿಸಿ ಅಗಲ ಮಾಡಿಕೊಟ್ಟವನು ತಾನೇ. ಮೂವರೂ ಬೇರೆ ಬೇರೆ ವರ್ಷ, ಬೇರೆ ಬೇರೆ ಅಂಗಡಿಯಲ್ಲಿ ಕೊಂಡವರು. ಒಬ್ಬರೂ ಆರು ತಿಂಗಳು ಇಟ್ಟುಕೊಂಡವರಲ್ಲ.

"ಈಗ ಎಲ್ಲಿವೆ ಅವು?" ಎಂದು ಕೇಳಿದ.

"ನಿಮ್ಮ ಮಗಳನ್ನೇ ಕೇಳಿ" ಎಂದ ಪೋಸ್ಟ್‌ಮ್ಯಾನ್. "ಎರಡು ವರ್ಷದಿಂದ ನಮ್ಮ ಪ್ರಾಣ ತಿಂತಿದ್ದಾಳೆ, ಯಾರಿಗೆ ಮಾರಿದ್ರಿ, ಎಲ್ಲಿ ಮಾರಿದ್ರಿ ಅಂತ."

ಆಗಲೇ ಬೀದಿಯಲ್ಲಿ ಸದ್ದು ಕೇಳಿಸಿತು. ನಿಧಾನವಾದ, ತುಂಬಿದ ಬಡಿತ. ಹುಚ್ಚರು ಮೂವರೂ ಕಿವಿ ನೆಟ್ಟಗೆ ಮಾಡಿದರು. ದೊಡ್ಡಪ್ಪ ಮಾತ್ರ ಕೂತಲ್ಲೇ ಕೂತ. ಆ ಸೈಲೆನ್ಸರಿನ ಒಳಗಿನ ಕೊಳವೆಗೆ ಹನ್ನೊಂದು ತೂತು ಕೊರೆದವನು ಅವನು. ಆ ಸದ್ದು ಇನ್ನಾವ ಗಾಡಿಗೂ ಬರಲಾರದು.

ತಮ್ಮನ ಮಗಳು ಗಾಡಿಯನ್ನು ಶೆಡ್ಡಿನೊಳಗೇ ತಂದು ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಮುಖದ ತುಂಬ ನಗು, ಹಣೆಯ ಮೇಲೆ ಗ್ರೀಸು. "ಒಂದೊಂದಾಗಿ ಹುಡುಕಿದೆ ದೊಡ್ಡಪ್ಪ. ಎಂಜಿನ್ ನಂಬರ್ ಅಪ್ಪನ ಕಾಗದದಲ್ಲಿತ್ತಲ್ಲ, ಮೊದಲು ಅದು ಸಿಕ್ತು. ಆಮೇಲೆ ಆಶ್ಚರ್ಯ ಅಂದ್ರೆ ಮಿಕ್ಕಿದ್ದಕ್ಕೆ ನಾನು ಹುಡುಕಲೇ ಇಲ್ಲ. ಅಂಗಡಿಗೆ ಹೋದ್ರೆ ರಾಶಿ ಮೇಲೇ ಇರೋದು. ಇವತ್ತು ಬೆಳಿಗ್ಗೆ ನಲವತ್ತು ಕಿಲೋಮೀಟರ್ ಓಡಿಸಿದೆ. ನೂರರಲ್ಲಿ ಹೋದ್ರೂ ಕದಲಲ್ಲ! ಈಗ ಮನೆಗೆ ಹೋಗಿ ಅಮ್ಮನ್ನ ಹಿಂದೆ ಕೂರಿಸ್ಕೊಂಡು ಬರ್ತೀನಿ. ಈ ಗಾಡಿ ಮೇಲೆ ಕೂತ್ರೆ ಅಪ್ಪನ ಮೇಲಿನ ಅವಳ ಕೋಪ ಇಳಿದೀತು."

ಮೂವರು ಗಂಡಸರೂ ಎದ್ದು ಗಾಡಿಯ ಸುತ್ತ ಬಂದರು. ಪೋಸ್ಟ್‌ಮ್ಯಾನ್ ಟ್ಯಾಂಕಿನ ನೆಗ್ಗಿನ ಮೇಲೆ ಬೆರಳಿಟ್ಟು ಸರಕ್ಕನೆ ತೆಗೆದ. ಡಾಕ್ಟರು ಹ್ಯಾಂಡಲನ್ನು ಮುಟ್ಟಲಿಲ್ಲ.

ದೊಡ್ಡಪ್ಪನ ಕಣ್ಣು ಮುಂದಿನ ಚಕ್ರದ ನಡುವಿಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಆಕ್ಸಲಿನ ತಲೆಯ ಮೇಲೆ ಎರಡು ಚುಕ್ಕಿ.

ಅವಳೂ ಅಲ್ಲೇ ಬಗ್ಗಿದಳು. "ಇದು ಕಂಪನಿಯದ್ದಲ್ಲ. ಯಾರೋ ಒಳ್ಳೆ ಕೈಯವರು ತಿರುವಿದ್ದು, ಚಕ್ರದ ಜೊತೆಗೇ ಸಿಕ್ತು. ನೀವಾ ದೊಡ್ಡಪ್ಪ? ಚುಕ್ಕಿ ನೋಡಿ ನಿಮ್ಮದೇ ಅಂದ್ಕೊಂಡೆ."

"ನಂದಲ್ಲ."

ಬಾಯಿಂದ ಬಂದದ್ದೇ ಅಷ್ಟು, ಇಪ್ಪತ್ತೆರಡು ವರ್ಷ ತುದಿನಾಲಿಗೆಯಲ್ಲಿ ಕಾದು ಕೂತಿದ್ದ ಹಾಗೆ. ಆಮೇಲೆ ಅವನು ಹರಿದ ಚೀಲ ಹೊಲಿಯುವಂತೆ ಏನೇನೋ ಸೇರಿಸಿದ. ಗಾಡಿ ಇಲ್ಲೇ ಇರಲಿ, ಬೇರಿಂಗ್ ನೋಡುತ್ತೇನೆ, ನಾಳೆ ಒಯ್ಯಿ, ಬಿಸಿಲು ಜಾಸ್ತಿ, ಅಮ್ಮನಿಗೆ ಸೊಂಟ ನೋವು. ಅವಳು ನಕ್ಕಳು. "ಬೇರಿಂಗ್ ನಿನ್ನೆ ಹೊಸದು ಹಾಕಿದೀನಿ. ನೀವೇ ಕಲಿಸಿದ್ದಲ್ವಾ?" ಹೆಲ್ಮೆಟ್ ಹಾಕಿಕೊಂಡಳು, ಗಾಡಿ ಹೊರಗೆ ತಿರುಗಿಸಿದಳು, ಒಂದೇ ಕಿಕ್ಕು. ಮತ್ತೆ ಅದೇ ಬಡಿತ. ಮನೆಯ ದಾರಿ ಹೆಂಚಿನ ಕಾರ್ಖಾನೆಯ ತಿರುವಿನ ಮೇಲೇ.

ಮನುಷ್ಯ ತನ್ನನ್ನು ಉಳಿಸಿಕೊಳ್ಳಲು ಎಷ್ಟು ಹೊತ್ತು ಸುಮ್ಮನಿರಬಲ್ಲ ಎಂದರೆ, ಎದುರಿಗಿರುವವರು ಕ್ಲಚ್ ಬಿಡುವವರೆಗೂ. ನಾಚಿಕೆಗೇಡು, ಆದರೆ ಹಾಗೇ ಇತ್ತು. ಗಾಡಿ ಒಂದು ಮಾರು ಮುಂದೆ ಹೋದ ಮೇಲೆ ದೊಡ್ಡಪ್ಪ ಓಡಿ ಹೋಗಿ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದ.

"ನಂದೇ! ನಂದೇ ಕಣೇ ಅದು. ಇಳಿ. ಇಳಿ ಕೆಳಗೆ."

ಅವನ ಮುಖ ನೋಡಿ ಅವಳು ಮರುಮಾತಾಡದೆ ಇಳಿದಳು. ಎಂಜಿನ್ ಆರಿಸಲು ಯಾರೂ ಕೈ ಹಾಕಲಿಲ್ಲ. ಅದು ತಾನಾಗಿಯೇ ನಿಂತಿತು.

ಎಂಜಿನ್ನಿನ ಅಡಿಗೆ ಮರದ ತುಂಡು ಕೊಟ್ಟು ಮುಂಭಾಗ ಎತ್ತಿ ನಿಲ್ಲಿಸಿದರು. ದೊಡ್ಡಪ್ಪ ತಾನೇ ಸ್ಪ್ಯಾನರ್ ಹಿಡಿದ. ಬಲಗಡೆಯ ನಟ್ಟು ಬಿಚ್ಚಲು ಹೋದರೆ ನಟ್ಟಿನ ಜೊತೆಗೇ ಬೆರಳುದ್ದದ ತುಂಡೊಂದು ಕೈಗೆ ಬಂತು. ಎಡಗಡೆಯಿಂದ ಎಳೆದರೆ ಮಿಕ್ಕ ಭಾಗ ಬಂತು. ಸುತ್ತಿಗೆ ಏಟೂ ಬೇಕಾಗಲಿಲ್ಲ.

"ಈಗ ಮುರೀತಾ?" ಎಂದ ದರ್ಜಿ.

ಡಾಕ್ಟರು ಜೇಬಿನಿಂದ ಭೂತಗನ್ನಡಿ ತೆಗೆದು ಹಲ್ಲು ನೋಡುವಷ್ಟೇ ಹೊತ್ತು ನೋಡಿದರು. ಮುರಿದ ಎರಡು ಮುಖಗಳ ಮೇಲೂ ಕಂದು ತುಕ್ಕು ದಪ್ಪಗೆ ಕೂತಿತ್ತು. ಹೊಳಪು ಎಲ್ಲೂ ಇರಲಿಲ್ಲ, ಸೂಜಿಮೊನೆಯಷ್ಟೂ ಇರಲಿಲ್ಲ. "ಇದು ಮುರಿದು ವರ್ಷಗಟ್ಟಲೆ ಆಗಿದೆ" ಎಂದರು. "ಇದರ ಮೇಲೆ ನಲವತ್ತು ಕಿಲೋಮೀಟರ್ ಬರೋಕೆ ಆಗಲ್ಲ. ನಾಲ್ಕು ಹೆಜ್ಜೆ ತಳ್ಳೋಕೂ ಆಗಲ್ಲ."

ದೊಡ್ಡಪ್ಪನ ಅಂಗೈಯಲ್ಲಿ ಎರಡೂ ತುಂಡುಗಳು ಬೆಚ್ಚಗಿದ್ದವು. ಓಡಿ ಬಂದ ಬಿಸಿ ಎನ್ನೋಣವೆಂದರೆ ಡ್ರಮ್ಮು ತಣ್ಣಗಿತ್ತು, ಬೇರಿಂಗೂ ತಣ್ಣಗಿತ್ತು. ಯಾರೋ ಬಹಳ ಹೊತ್ತು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಈಗಷ್ಟೇ ಬಿಟ್ಟ ಬಿಸಿ ಅದು. ಅವನಿಗೆ ಭಯವಾಗಬೇಕಿತ್ತು. ಭಯವಾಗಲಿಲ್ಲ, ತಮ್ಮನಿಗಾಗಿ ಇಪ್ಪತ್ತೆರಡು ವರ್ಷದಿಂದ ಅಳದ ಅಳು ಒಮ್ಮೆಲೇ ಬಂತು.

ಅವಳು ಅವನ ಕೈಯಿಂದ ತುಂಡುಗಳನ್ನು ತೆಗೆದುಕೊಂಡಳು. ಮೂಲೆಯ ಮೇಲೆ ಉಗುರು ಓಡಿಸಿದಳು. ಅವನೇ ಕಲಿಸಿದ ಕಸುಬು, ನೋಡಿದರೆ ಓದಿದ ಹಾಗೆ.

"ಮೂಲೆ ಗುಂಡಗೆ ಬಿಟ್ಟಿಲ್ಲ."

"ಇಲ್ಲ."

"ಅಪ್ಪನ ಗಾಡೀದೂ ಹೀಗೇನಾ?"

"ಎರಡೂ ಒಂದೇ ದಿನ ತಿರುವಿದ್ದು. ಇಲ್ಲೇ ಮುರೀತು."

"ಬಿದ್ದು ಮುರಿದದ್ದು ಅಂದಿದ್ರಂತೆ."

"ಸುಳ್ಳು ಹೇಳಿದೆ."

ಅವಳು ಕೂಗಾಡುತ್ತಾಳೆ, ಆ ಕಬ್ಬಿಣವನ್ನೇ ತನ್ನ ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡ. ಎಸೆದಿದ್ದರೆ ಚೆನ್ನಾಗಿತ್ತು. ಅವಳು ಫೋನು ತೆಗೆದು ಒತ್ತಿ, ಗಂಟೆ ಹೊಡೆಯತೊಡಗಿದ ಮೇಲೆ ಅವನ ಕೈಗಿಟ್ಟು ಬೀದಿಯ ಕಡೆ ಮುಖ ಮಾಡಿ ನಿಂತಳು. ಅವನನ್ನು ದೊಡ್ಡಪ್ಪ ಎಂದು ಕರೆಯಲಿಲ್ಲ.

"ನಾನಮ್ಮ" ಎಂದ. "ಹೇಳಿ ಭಾವ" ಎಂದಳು ತಮ್ಮನ ಹೆಂಡತಿ ಆ ಕಡೆಯಿಂದ. "ಏನಾಯ್ತು? ಅವಳಿಗೇನೂ ಆಗಿಲ್ಲ ತಾನೆ?"

"ಅವಳಿಗೇನೂ ಆಗಿಲ್ಲಮ್ಮ." ತನ್ನ ಕೈ, ತನ್ನ ಮೂಲೆ, ತನ್ನ ಸುಳ್ಳು, ಹೇಳಲು ಬೇಕಾದಷ್ಟಿತ್ತು. ಮೊದಲು ಬಂದದ್ದು ಒಂದೇ ಮಾತು. "ಅವನು ಜೋರಾಗಿ ಹೋಗ್ತಿರಲಿಲ್ಲಮ್ಮ. ನಿನಗೆ ಕೊಟ್ಟ ಮಾತು ಅವನು ಮುರೀಲಿಲ್ಲ. ತಪ್ಪು ನಂದು."

ಫೋನು ಕಟ್ಟಾಯಿತೇನೋ ಎಂದು ಅವನು ಕಿವಿಯಿಂದ ತೆಗೆದು ನೋಡಿದ. ಕಟ್ಟಾಗಿರಲಿಲ್ಲ.

"ಇನ್ನೊಂದು ಸಲ ಹೇಳಿ" ಎಂದಳು ಅವಳು.

ಅವನು ಹೇಳಿದ.

"ಇನ್ನೊಂದು ಸಲ."