ಹಸು ಗುರುತಿಸಿದ ಕರು

ಮೊಂಟಾನಾದ ಬಯಲು ಮಲಗಿದ್ದಾಗ ದೊಡ್ಡಿಯ ಅಗಳಿ ಕಿರ್ರೆಂದಿತು. ದನಗಳ್ಳರೆಂದು ಬಂದೂಕು ಹಿಡಿದು ಬಂದ ಲೆಟಿಷಾ ಕಂಡದ್ದು ಗಂಡ ಕ್ಯಾಲ್ವಿನ್‌ನ ಅಪ್ಪ, ತನ್ನ ಮಾವ ಹೈರಮ್‌ರನ್ನು. ಹಗಲು ‘ನಮ್ಮದು’ ಎಂದು ತಾವೇ ಗುರುತಿಸಿದ್ದ ಕರುವನ್ನು ಅವರು ಹೊರಗೆ ನಡೆಸುತ್ತಿದ್ದರು. ಬೆಳಗಾದರೆ ಅದಕ್ಕೆ ಮನೆತನದ ಮುದ್ರೆಯ ಬರೆ ಬೀಳುವುದಿತ್ತು.

“ಹೊಳೆಯಾಚೆ ಪಕ್ಕದವ್ರ ಹಸು ಅರಚ್ತಿದೆ, ಕೇಳಮ್ಮ. ಇದು ಅದರ ಕರು. ನನ್ನ ಕಣ್ಣು ಮೋಸ ಮಾಡ್ತು. ಕ್ಯಾಲ್ವಿನ್‌ಗೆ ಗೊತ್ತಾದ್ರೆ ನಾಳೆಯಿಂದ ದನದ ಕೆಲ್ಸ ಬಿಡಿಸಿ ನನ್ನನ್ನ ಒಲೆ ಮುಂದೆ ಕೂರಿಸ್ತಾನೆ.”

“ಹಗ್ಗ ಇತ್ತ ಕೊಡಿ ಮಾವ. ನೀವು ಹೊಳೇಲಿ ಜಾರಿದ್ರೆ ಆ ಹಸುಗಿಂತ ಜೋರಾಗಿ ನಾನು ಅರಚ್ಬೇಕಾಗುತ್ತೆ.”

ಇಬ್ಬರೂ ಕರುವನ್ನು ದಾಟಿಸಿದರು. ಹಸು ಅದನ್ನು ಮೂಸಿ, ನೆಕ್ಕಿ, ಸುಮ್ಮನಾಯಿತು.

ಬೆಳಗ್ಗೆ ಕ್ಯಾಲ್ವಿನ್ ಬರೆಯ ಕಬ್ಬಿಣ ಕಾಯಿಸುತ್ತ ಹೆಂಡತಿಗೆ ಹೇಳಿದ, “ಒಂದು ಕರು ಕಮ್ಮಿ. ಅಪ್ಪನ ಕಣ್ಣು ತಪ್ಪಲ್ಲ, ನನ್ನ ಎಣಿಕೆನೇ ತಪ್ಪಿರ್ಬೇಕು.”

“ಇರ್ಬೇಕು” ಎಂದಳು ಲೆಟಿಷಾ. ಇಂಥವರ ಮನೆಗೆ ಸೊಸೆಯಾಗಿ ಬಂದೆನೆಂದು ಎದೆಯುಬ್ಬಿತ್ತು. ಗಂಡನಿಗೂ, ಇನ್ನಾರಿಗೂ ಇದನ್ನು ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿದಳು.