ಹಗೇವಿನ ದೂರು

ರಾಯವ್ವ ಮೂರನೆಯ ಸಲ ಠಾಣೆಗೆ ಬಂದಾಗ ನಾನು ತಲೆಯನ್ನೂ ಎತ್ತಲಿಲ್ಲ. ತೊರಗಲ್ ಕಡೆಯ ಈ ಮುದುಕಿಯ ದೂರು ಒಂದೇ: ಅಂಗಳದ ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ತುಂಬಿಟ್ಟ ವರ್ಷದ ಜೋಳ ಕಳುವಾಗುತ್ತಿದೆ. ಬಾಯಿಗೆ ಮೆತ್ತಿದ ಮಣ್ಣು ಒಡೆದಿದೆಯೇ ಎಂದರೆ ಇಲ್ಲ. ಮತ್ತೆ ಹೇಗೆ ಗೊತ್ತು ಎಂದರೆ, ಮೇಲೆ ಒನಕೆ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದಂತೆ. ಎರಡು ಸಲ ನಕ್ಕು ಕಳಿಸಿದ್ದೆ. ನೀನೇ ತೆಗೆದು ನೋಡು ಎಂದರೆ, ಸಾಕ್ಷಿಯಿಲ್ಲದೆ ತೆಗೆದರೆ ನನ್ನನ್ನೇ ಕಳ್ಳಿ ಅನ್ನುತ್ತೀರಿ ಎನ್ನುತ್ತಿದ್ದಳು.

೧೯೯೪ರ ಮಾತು. ಈ ಸಲ ಠಾಣೆಯ ಸಾಹೇಬರಿಗೆ ಸಿಟ್ಟು ಬಂತು. ಹೋಗಿ ತೆಗೆಸು, ಜೋಳ ಇದ್ದರೆ ಸುಳ್ಳು ದೂರಿನ ಕೇಸನ್ನು ಅವಳ ಮೇಲೆಯೇ ಹಾಕು ಎಂದರು. ನನಗೋ ಹುರುಪೋ ಹುರುಪು. ಈ ಹವಾಲ್ದಾರ್ ದುರ್ಗಪ್ಪ ಯಾರೆಂದು ಊರಿಗೆ ತೋರಿಸಬೇಕಿತ್ತು.

ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಪಕ್ಕದ ಮನೆಯ ಮಹಾಂತಪ್ಪ ತಾನಾಗಿ ಬಂದು, ಮುದುಕಿಗೆ ಅರಳುಮರಳು ಎಂದು ನನ್ನ ಕಿವಿಯಲ್ಲಿ ಉಸುರಿದ. ಮಣ್ಣು ಕಿತ್ತು ಚಪ್ಪಡಿ ಸರಿಸಿದರು. ಒಳಗೆ ಗವ್ವೆನ್ನುವ ಕತ್ತಲೆ. ನಾನು ಇಳಿಯಲು ಕಾಲು ಚಾಚಿದೆನೋ ಇಲ್ಲವೋ, ರಾಯವ್ವ ನನ್ನ ಬೆಲ್ಟು ಹಿಡಿದು ಹಿಂದಕ್ಕೆ ಜಗ್ಗಿದಳು. ಬೈದೆ. ಅವಳು ಉರಿಯುವ ಕಂದೀಲಿಗೆ ಹಗ್ಗ ಕಟ್ಟಿ ಒಳಗೆ ಬಿಟ್ಟಳು. ಆಳುದ್ದ ಇಳಿಯುವುದರೊಳಗೆ ಅದು ಪಕ್ಕನೆ ಆರಿತು.

“ಹಗೇವಿನ ಝಳಕ್ಕ ಉಸಿರ ನಿಲ್ಲತೈತ್ರಿ. ಎರಡ ತಾಸ ಬಾಯಿ ತಗದ ಬಿಡ್ರಿ,” ಎಂದಳು.

ಕೇಸು ಹಾಕಲು ಬಂದವನ ಜೀವ ಉಳಿಸಿದ್ದಳು ಪುಣ್ಯಾತ್ಗಿತ್ತಿ.

ಎರಡು ತಾಸಾದ ಮೇಲೆ ಕಂದೀಲು ಒಳಗೂ ಉರಿಯಿತು. ಇಳಿದೆ. ತಳದಲ್ಲಿ ನಾಲ್ಕು ಬೊಗಸೆ ಜೋಳ. ಪಕ್ಕದ ಗೋಡೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಕಂಡಿ, ಅದಕ್ಕೆ ಹುಲ್ಲು, ಹಸಿಮಣ್ಣು ತುರುಕಿದ್ದರು. ಲಾಠಿಯಿಂದ ತಿವಿದೆ, ಕುಸಿಯಿತು, ತೆವಳಿದೆ. ತಲೆ ಹೊರಗೆ ಹಾಕಿದರೆ ಮಹಾಂತಪ್ಪನ ದನದ ಕೊಟ್ಟಿಗೆ, ಮೂಗಿನೆದುರಿಗೇ ಅವನ ಎಮ್ಮೆ. ಅಲ್ಲಿಂದಲೇ ಸೀಟಿ ಊದಿದೆ. ಓಡಹೊರಟ ಮಹಾಂತಪ್ಪನನ್ನು ಜನರೇ ಹಿಡಿದರು.

ಎಲ್ಲರೂ ನನಗೆ ಶಾಬಾಶ್ ಎಂದರು. ನಾನೂ ಮೀಸೆ ತಿರುವಿ ಪಂಚನಾಮೆ ಬರೆಯಲು ಕುಳಿತೆ. ರಾಯವ್ವ ಎದುರಿಗೆ ಬಂದು ನಿಂತಳು.

“ಮೊದಲನೇ ಸಲ ಬಂದಾಗ ಅರ್ಧಾದ್ರೂ ಜ್ವಾಳ ಒಳಗಿತ್ರಿ, ಸದ್ದ ಹೇಳತಿತ್ತು. ನೀವು ನಕ್ಕ ಕಳಿಸಿದ್ದೂ ಅದರಾಗ ಬರೀರಿ.”

ಸಾಹೇಬರು ಓದುತ್ತಾರೆ, ಕೋರ್ಟಿನಲ್ಲೂ ಓದುತ್ತಾರೆ ಎಂದು ಗೊತ್ತಿದ್ದೂ ಬರೆದೆ. ನಾಚಿಕೆಯಿಂದ ಕಿವಿ ಕಾದಿದ್ದವು. ಓದಿ ಹೇಳಿರೆಂದಳು. ನನ್ನ ಹೆಸರು ಸಹಿತ, ಎಲ್ಲರಿಗೂ ಕೇಳುವಂತೆ ಓದಿದೆ. ಆಮೇಲೆಯೇ ಅವಳು ಹೆಬ್ಬೆಟ್ಟು ಒತ್ತಿದ್ದು.