ರಸೀದಿ ಇಲ್ಲದ ಮಾದರಿ

ಬೆಳಗಿನ ರೈಲಿನಿಂದ ಕೆಂಗೇರಿಯಲ್ಲಿ ಇಳಿದ ಚಕ್ರಪಾಣಿ, ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿದು, ಮುನಿರಾಮಯ್ಯನ ಹೊಗೆಸೊಪ್ಪಿನ ಗೋದಾಮಿಗೆ ನಡೆದ. ಆತ ತೆರಿಗೆ ಇಲಾಖೆಯ ಇನ್ಸ್‌ಪೆಕ್ಟರು. ತಿಂಗಳಿಗೊಮ್ಮೆ ಬಂದು ದಾಸ್ತಾನಿನ ಪುಸ್ತಕ ನೋಡಿ ರುಜು ಹಾಕುತ್ತಿದ್ದ. ವರ್ಷಕ್ಕೊಮ್ಮೆ ಮಾತ್ರ ಇಡೀ ದಾಸ್ತಾನನ್ನು ತಕ್ಕಡಿಗೆ ಹಾಕಿ, ತೆರಿಗೆ ಕಟ್ಟಬೇಕಾದ ಸೊಪ್ಪು ಪುಸ್ತಕದಲ್ಲಿರುವಷ್ಟೇ ಇದೆಯೇ ಎಂದು ತಾಳೆ ನೋಡಬೇಕು. 1955ರ ಏಪ್ರಿಲ್‌ನಲ್ಲಿ ಆತ ಬಂದದ್ದು ಆ ಕೆಲಸಕ್ಕೆ.

ತಾನು ವಾಸವಿದ್ದ ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಚಕ್ರಪಾಣಿಗೆ ಒಳ್ಳೆಯ ಹೆಸರಿತ್ತು. ಲಂಚ ಮುಟ್ಟುವವನಲ್ಲ, ವ್ಯಾಪಾರಿಗಳ ಮನೆಯ ಕಾಫಿಯನ್ನೂ ಕುಡಿಯುವವನಲ್ಲ. ಆದರೆ ಗೋದಾಮಿನಿಂದ ಹೊರಡುವಾಗ ‘ಮಾದರಿ’ ಎಂದು ಒಂದು ಕಟ್ಟು ಸೊಪ್ಪು ಅವನ ಚೀಲ ಸೇರುತ್ತಿತ್ತು. ಪರೀಕ್ಷೆಗೆಂದು ಮಾದರಿ ತೆಗೆದುಕೊಳ್ಳಲು ಅವನಿಗೆ ಅಧಿಕಾರವಿತ್ತು. ಅದಕ್ಕೆ ರಸೀದಿ ಕೊಡಬೇಕಿತ್ತು. ಒಂದು ದಿನವೂ ಕೊಟ್ಟಿರಲಿಲ್ಲ. ಆ ಸೊಪ್ಪು ಮಾವನವರ ಎಲೆಯಡಿಕೆಗೆ, ಪಕ್ಕದ ಮನೆಯ ಸೇತುರಾಮನಿಗೆ, ಕಚೇರಿಯ ಹೆಡ್ ಗುಮಾಸ್ತರಿಗೆ ಹಂಚಿಹೋಗುತ್ತಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ತಾನಂತೂ ಹೊಗೆಸೊಪ್ಪು ಬಾಯಿಗಿಡುವವನಲ್ಲ, ಹೀಗಿರುವಾಗ ಇದು ಲಂಚ ಹೇಗಾದೀತು ಎಂದು ಅವನ ನಂಬಿಕೆ. ಇಂಥ ನಂಬಿಕೆಗಳು ಸಜ್ಜನರಿಗೆ ಬಲು ಸುಲಭವಾಗಿ ಹುಟ್ಟುತ್ತವೆ.

ಮೂಟೆಗಳನ್ನೆಲ್ಲ ತೂಗುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು. ಒಣಗಿ ಇಳಿಯುವ ತೂಕವನ್ನು ಬಿಟ್ಟರೂ ಹದಿನೆಂಟು ಪೌಂಡು ಕಡಿಮೆ ಬಂತು.

“ಇದೇನು ಮುನಿರಾಮಯ್ಯನವರೇ?”

ಮುನಿರಾಮಯ್ಯ ಆಗಲೇ ಒಂದು ಕಾಗದ ಬರೆಸಿಟ್ಟುಕೊಂಡಿದ್ದ. ಎಲೆಯ ಕಡ್ಡಿ ಬಿಡಿಸುತ್ತಾ ಕೂತಿದ್ದ ಹೆಂಗಸರ ಸಾಲಿನಿಂದ ಶಿವಕ್ಕನನ್ನು ಕರೆದ.

“ಇವಳದೇ ಕಳ್ಳತನ ಸಾರ್. ಒಳ್ಳೆ ಸೊಪ್ಪು ಆರಿಸೋಳು ಇವಳೇ. ತಪ್ಪೊಪ್ಪಿಗೆ ಬರೆಸಿದೀನಿ, ಹೆಬ್ಬೆಟ್ಟು ಒತ್ತಿಸ್ತೀನಿ.”

ಕಳ್ಳತನ ಎಂಬ ಮಾತು ಕೇಳಿ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಚಕ್ರಪಾಣಿ ತನ್ನ ಚೀಲವನ್ನು ಕುರ್ಚಿಯ ಕೆಳಗೆ ಸರಿಸಿದ.

“ನಾನು ಕದ್ದಿಲ್ಲ ಸಾಮಿ,” ಎಂದಳು ಶಿವಕ್ಕ. “ದಿನಾ ಸಾಯಂಕಾಲ ಬಾಗಿಲಲ್ಲಿ ಮಡಿಲು ಕೊಡವಿ ತೋರಿಸೇ ಮನೆಗೋಗೋದು. ಕಳ್ಳಿ ಅಂತ ಹೆಬ್ಬೆಟ್ಟು ಒತ್ತಿದ್ರೆ ಈ ಊರಲ್ಲಿ ಇನ್ಯಾರು ಕೆಲ್ಸ ಕೊಡ್ತಾರೆ?” ಸ್ವಲ್ಪ ಯೋಚಿಸಿ ಕೇಳಿದಳು: “ಪ್ರತಿ ಸಲ ನಿಮ್ಗೆ ಉದ್ದನೆ ಎಲೆ ಆರಿಸಿ ಕಟ್ಟಿಕೊಟ್ಟೋಳು ನಾನೇ ಅಲ್ವಾ? ದೀಪಾವಳಿಗೆ ದೊಡ್ಡ ಕಟ್ಟೇ ಕೊಟ್ಟಿದ್ದೆ. ಅದನ್ನೂ ನನ್ ಮೇಲೇ ಬರ್ಕೊಂಡವ್ರಾ?”

ಚುಚ್ಚಬೇಕೆಂದು ಕೇಳಿದ ಮಾತಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಲೆಂದು ಕೇಳಿದ್ದು. ಸಾಲಿನಲ್ಲಿದ್ದ ಹೆಂಗಸರ ಕೈ ನಿಂತಿತು.

“ಬಾಯ್ಮುಚ್ಚು! ಹೋಗಿ ಕೂತ್ಕೋ,” ಎಂದು ಮುನಿರಾಮಯ್ಯ ಅವಳನ್ನು ಅಟ್ಟಿದ.

ಚಕ್ರಪಾಣಿ ತಗ್ಗಿದ ದನಿಯಲ್ಲಿ ಕೇಳಿದ: “ಅವಳಲ್ಲ ಅಂತ ನಿಮಗೆ ಗೊತ್ತಿತ್ತೇ?”

“ಗೊತ್ತಿಲ್ದೆ ಏನು ಸಾರ್? ನಿಮ್ಮ ಹೆಸರು ಹೇಳೋಕಾಗುತ್ತಾ? ಸುಮ್ನಿದ್ರೆ ತೆರಿಗೆ ತಪ್ಪಿಸಿ ಮಾರ್ಕೊಂಡೆ ಅಂತ ನನ್ನ ತಲೆಗೇ ಬರುತ್ತೆ, ಲೈಸೆನ್ಸ್ ಹೋಗುತ್ತೆ. ನನಗೂ ಹೆಂಡ್ತಿ ಮಕ್ಕಳಿದಾರೆ.” ಆಮೇಲೆ ಸಮಾಧಾನ ಹೇಳುವವನಂತೆ ಸೇರಿಸಿದ: “ನಿಮ್ಮ ಹಿಂದೆ ಇದ್ದೋರು ಮೂಟೆನೇ ಒಯ್ತಿದ್ರು. ನೀವು ಒಳ್ಳೆಯವರು ಬಿಡಿ.”

ಚಕ್ರಪಾಣಿಗೆ ಬೈಗುಳಕ್ಕಿಂತ ಆ ಹೊಗಳಿಕೆ ಹೆಚ್ಚು ನೋಯಿತು. ಮನಸ್ಸಿನಲ್ಲೇ ಕಟ್ಟುಗಳನ್ನು ಎಣಿಸಿದ. ತಿಂಗಳಿಗೊಂದು, ಹಬ್ಬಕ್ಕೆ ದೊಡ್ಡದು, ಹೆಡ್ ಗುಮಾಸ್ತರ ಮಗಳ ಮದುವೆಗೆ ಇನ್ನೆರಡು. ಹದಿನೆಂಟಕ್ಕೆ ಹತ್ತಿರವೇ ಬಂತು. ನಿಜ ಬರೆದರೆ ಕೆಲಸ ಉಳಿಯುವುದು ಅನುಮಾನ. ತುಂಬು ಬಸುರಿ ಹೆಂಡತಿ ಅಂಬುಜಾಗೆ ಏನು ಹೇಳುವುದು? ಭಯವಾಯಿತು, ಶಿವಕ್ಕನ ಕಡೆ ನೋಡಿದಾಗ ನಾಚಿಕೆ ಅದಕ್ಕಿಂತ ದೊಡ್ಡದಾಯಿತು. ಪೆನ್ನು ತೆಗೆದು, ಪುಸ್ತಕದಲ್ಲಿ ಕೊರತೆಗೆ ಕಾರಣ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ರುಜು ಹಾಕಿದ.

ಬಗ್ಗಿ ಓದಿದ ಮುನಿರಾಮಯ್ಯನ ಮುಖ ಬಿಳಿಚಿತು. “ಬೇಡ ಸಾರ್, ಕೆಲಸಕ್ಕೇ ಸಂಚಕಾರ ಬರುತ್ತೆ.”

“ಬರಬಹುದು. ಆ ಕಾಗದ ಹರಿದುಹಾಕಿ.”

ಮುನಿರಾಮಯ್ಯ ಸ್ವಲ್ಪ ಹೊತ್ತು ಕಾಗದವನ್ನು ಹಿಡಿದುಕೊಂಡೇ ಇದ್ದ. ಆಮೇಲೆ ಹರಿದ.

ಶಿವಕ್ಕ ಕೂತಲ್ಲಿಂದಲೇ ಕೇಳಿದಳು: “ಯಾರ ಹೆಸ್ರು ಬರದ್ರಿ ಸಾಮಿ?”

‘ನಿನ್ನದಲ್ಲಮ್ಮ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೂ ಅದೇ ಬಂದಿತ್ತು. ಆದರೆ ಚಕ್ರಪಾಣಿ ಪುಸ್ತಕ ಹಿಡಿದು ಎದ್ದು ನಿಂತು, ಬರೆದದ್ದನ್ನು ಕನ್ನಡದಲ್ಲಿ ಹೇಳಿದ.

“ಹದಿನೆಂಟು ಪೌಂಡು ಕೊರತೆ. ಮಾದರಿ ಎಂದು ಹೇಳಿ, ರಸೀದಿ ಕೊಡದೆ, ಈ ಸೊಪ್ಪನ್ನು ತೆಗೆದುಕೊಂಡು ಹೋದವನು ನಾನು. ಕೆಲಸದವರ ತಪ್ಪು ಇಲ್ಲ. ಚಕ್ರಪಾಣಿ, ಇನ್ಸ್‌ಪೆಕ್ಟರ್.”

ಹೆಸರಿನ ಹತ್ತಿರ ಬರುವಾಗ ದನಿ ಉಡುಗಿತ್ತು.

ಶಿವಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಇನ್ನೊಂದ್ಸಲ ಓದಿ ಸಾಮಿ,” ಎಂದಳು. “ಆ ಮೂಲೇಲಿ ಕೂತಿರೋರ್ಗೆ ಕೇಳಿಸ್ನಿಲ್ಲ.”

ಚಕ್ರಪಾಣಿ ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಓದಿದ.